ಆಟಿಸಂ ಮಕ್ಕಳು ಮತ್ತು ಹೆತ್ತವರ ದನಿ



ದಾಖಲೆಯಲ್ಲಿ ಹೆಸರು ಇರುವುದಕ್ಕೂ ಇಲ್ಲದಿರುವುದಕ್ಕೂ ಎಷ್ಟು ಅಂತರವಿದೆ ಎಂಬುದನ್ನು ಬಾಗಲಕೋಟೆಯ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಊರನ್ನು ಆವರಿಸಿದಾಗ, ಪಟ್ಟಿಯಲ್ಲಿ ಹೆಸರಿದ್ದವರಿಗೆ ಪರಿಹಾರ ಬಂತು, ನವನಗರದಲ್ಲಿ ನಿವೇಶನ ಬಂತು. ಪಟ್ಟಿಯಿಂದ ಹೊರಗುಳಿದವರ ಮಟ್ಟಿಗೆ ಮನೆ ನೀರಿನಲ್ಲಿ ಮುಳುಗಿದ್ದರೂ ಕಾಗದದಲ್ಲಿ ಮುಳುಗಿರಲಿಲ್ಲ. ಇಂದಿನ ಉಪನ್ಯಾಸದ ವಿಷಯವಾದ ಮಕ್ಕಳ ಸ್ಥಿತಿಯೂ ಬಹುಕಾಲ ಹಾಗೆಯೇ ಇತ್ತು. ಅವರು ಮನೆಗಳಲ್ಲಿದ್ದರು, ಓಣಿಗಳಲ್ಲಿದ್ದರು. ಕಾಗದದಲ್ಲಿ ಮಾತ್ರ ಇರಲಿಲ್ಲ.

2011ರ ಜನಗಣತಿಯನ್ನೇ ನೋಡಿ. ಗಣತಿದಾರರು ಮನೆಮನೆಗೆ ಬಂದು ಅಂಗವೈಕಲ್ಯದ ಬಗೆಗೂ ಪ್ರಶ್ನೆ ಕೇಳಿದರು. ಅವರ ನಮೂನೆಯಲ್ಲಿ ಎಂಟು ಕಲಮುಗಳಿದ್ದವು: ದೃಷ್ಟಿ, ಶ್ರವಣ, ಮಾತು, ಚಲನೆ, ಬುದ್ಧಿಮಾಂದ್ಯ, ಮಾನಸಿಕ ಕಾಯಿಲೆ, ಇತರೆ ಮತ್ತು ಬಹುವಿಧ ವೈಕಲ್ಯ. ಆಟಿಸಂ ಎಂಬ ಕಲಮು ಇರಲಿಲ್ಲ. ಆದ್ದರಿಂದ ಬಾದಾಮಿಯಲ್ಲಾಗಲಿ, ಹುನಗುಂದದಲ್ಲಾಗಲಿ ಅಂಥ ಮಗು ಇರುವ ಮನೆಯಲ್ಲಿ ಗಣತಿದಾರ ತನಗೆ ತೋಚಿದ ಕಲಮಿನಲ್ಲಿ ಗುರುತು ಹಾಕಿ ಮುಂದೆ ಹೋಗಿರಬೇಕು. ಮಾತು ಬಾರದಿದ್ದರೆ ಒಂದು ಕಲಮು, ಕರೆದರೆ ತಿರುಗಿ ನೋಡದಿದ್ದರೆ ಇನ್ನೊಂದು. ಮನೆಯವರು ಏನೂ ಇಲ್ಲವೆಂದಿದ್ದರೆ ಯಾವುದೂ ಇಲ್ಲ.

ಆ ಗಣತಿಯಂತೆ ಜಿಲ್ಲೆಯ ಜನಸಂಖ್ಯೆ ಸುಮಾರು 18.9 ಲಕ್ಷ. 2021ರಲ್ಲಿ ಜಗತ್ತಿನಾದ್ಯಂತ 127 ಜನರಲ್ಲಿ ಒಬ್ಬರಿಗೆ ಆಟಿಸಂ ಇತ್ತೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಅದನ್ನು ಇಲ್ಲಿಗೆ ಅನ್ವಯಿಸಿದರೆ ಮಕ್ಕಳು, ದೊಡ್ಡವರು ಎಲ್ಲ ಸೇರಿ ಹದಿನಾಲ್ಕು ಹದಿನೈದು ಸಾವಿರ ಜನ ಆಗುತ್ತಾರೆ. ಇದು ಸಮೀಕ್ಷೆಯ ಅಂಕಿಯಲ್ಲ, ಬರಿಯ ಭಾಗಾಕಾರ. ಅದರ ಕಾಲು ಭಾಗವೇ ನಿಜವೆಂದು ಇಟ್ಟುಕೊಂಡರೂ ಒಂದು ದೊಡ್ಡ ಹಳ್ಳಿ ತುಂಬುವಷ್ಟು ಜನ.

ಊರಿನಲ್ಲಿ ಇವರನ್ನು ಏನೆಂದು ಕರೆಯುತ್ತಾರೆ? ಮೊದಮೊದಲು ಏನೂ ಕರೆಯುವುದಿಲ್ಲ. ಮಗುವಿಗೆ ಎರಡು ವರ್ಷವಾದರೂ ಮಾತು ಬರದಿದ್ದಾಗ ಅಜ್ಜಿ ಸಮಾಧಾನ ಹೇಳುತ್ತಾಳೆ: “ಅವರಪ್ಪನೂ ನಾಕ್ ವರ್ಷ ಆದಮ್ಯಾಲ ಮಾತಾಡ್ಯಾನ, ಯಾಕ ಚಿಂತಿ ಮಾಡತಿ?” ಮೂರು ದಾಟಿದ ಮೇಲೆ ದೇವರ ಹರಕೆ, ತಾಯಿತ. ನಾಲ್ಕಕ್ಕೆ ‘ಮೂಗ’, ಐದಕ್ಕೆ ‘ಹಠಮಾರಿ’. ಶಾಲೆಗೆ ಹಾಕಿದ ಮೇಲೆ ‘ಶ್ಯಾಣ್ಯಾ ಇಲ್ಲ’ ಎಂಬ ಮಾತು ಸೇರುತ್ತದೆ. ದೊಡ್ಡವನಾಗಿ ಬೀದಿಯಲ್ಲಿ ತನ್ನಷ್ಟಕ್ಕೆ ಕೈ ಆಡಿಸುತ್ತ ನಡೆದರೆ ಉಳಿದಿರುವುದು ಒಂದೇ ಹೆಸರು, ಅದನ್ನು ಇಲ್ಲಿ ಹೇಳುವುದು ಬೇಡ. ಇಷ್ಟೆಲ್ಲ ಹೆಸರುಗಳ ನಡುವೆ ಅವನ ಸ್ಥಿತಿಯ ನಿಜವಾದ ಹೆಸರನ್ನು ಯಾರೂ ಹೇಳಿರುವುದಿಲ್ಲ.

ಆಟಿಸಂ ಎಂದರೆ ರೋಗವಲ್ಲ. ಅದು ಅಂಟುವುದೂ ಇಲ್ಲ, ಔಷಧಿಯಿಂದ ಇಳಿಯುವುದೂ ಇಲ್ಲ. ಮಿದುಳು ಬೆಳೆಯುವ ರೀತಿಯಲ್ಲಿರುವ ಭಿನ್ನತೆ ಅದು. ಅದರ ಬೇರು ಬಹುಪಾಲು ವಂಶವಾಹಿಗಳಲ್ಲಿದೆ. ಮಗು ಹುಟ್ಟುವ ಮೊದಲೇ ಅದು ಆರಂಭವಾಗಿರುತ್ತದೆ. ಗುರುತಿಸುವುದು ನಡವಳಿಕೆಯಿಂದ ಮಾತ್ರ. ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ, ಸ್ಕ್ಯಾನಿನಲ್ಲೂ ಕಾಣುವುದಿಲ್ಲ. ವರ್ಷ ತುಂಬಿದ ಮಗು ಹೆಸರು ಹಿಡಿದು ಕರೆದರೆ ತಿರುಗಿ ನೋಡದಿರುವುದು, ಒಂದೂವರೆ ವರ್ಷವಾದರೂ ಬೇಕಾದ ವಸ್ತುವಿನ ಕಡೆ ಬೆರಳು ಮಾಡಿ ತೋರಿಸದಿರುವುದು, ಬಂದ ಮಾತು ನಿಂತುಹೋಗುವುದು, ಆಟದ ಗಾಡಿಯನ್ನು ಓಡಿಸುವ ಬದಲು ಅದರ ಗಾಲಿಯನ್ನೇ ಗಂಟೆಗಟ್ಟಲೆ ತಿರುಗಿಸುತ್ತ ಕೂರುವುದು, ಇವು ತಾಯಿ ಮೊದಲು ಗಮನಿಸುವ ಲಕ್ಷಣಗಳು. ಇವುಗಳಲ್ಲಿ ಒಂದು ಕಂಡ ಮಾತ್ರಕ್ಕೆ ಆಟಿಸಂ ಎಂದಲ್ಲ. ಆದರೆ ಕಂಡಾಗ ಕಾಯುತ್ತ ಕೂರುವುದರಿಂದ ಲಾಭವೇನೂ ಇಲ್ಲ.

ಕನ್ನಡದಲ್ಲಿ ಇದಕ್ಕೆ ‘ಸ್ವಲೀನತೆ’ ಎಂಬ ಪದ ಬಳಕೆಗೆ ಬಂದಿದೆ. ಗ್ರೀಕಿನ ‘ಆಟೋಸ್’, ಅಂದರೆ ‘ತಾನು’, ಎಂಬ ಮೂಲವನ್ನು ಹಿಡಿದು ಮಾಡಿದ ಪದ. ವ್ಯಾಕರಣಕ್ಕೆ ಒಪ್ಪುವ ಪದವೇ ಹೌದು. ಆದರೂ ತನ್ನಲ್ಲೇ ಮುಳುಗಿ ಸುಖವಾಗಿರುವ ಯೋಗಿಯ ಚಿತ್ರವನ್ನು ಅದು ಕಣ್ಣ ಮುಂದೆ ತರುತ್ತದೆ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಿವಿ ಮುಚ್ಚಿಕೊಂಡು ನೆಲಕ್ಕೆ ಕುಸಿದು ಚೀರುವ ಮಗುವಿಗೂ ಆ ಚಿತ್ರಕ್ಕೂ ಸಂಬಂಧವಿಲ್ಲ. ಆ ಮಗು ತನ್ನಲ್ಲಿ ಲೀನವಾಗಿಲ್ಲ. ಹೊರಗಿನದು ಅತಿಯಾಗಿ ಒಳಗೆ ನುಗ್ಗಿದೆ. ಹಲಗೆ, ಧ್ವನಿವರ್ಧಕ, ನಾಟಕ ಕಂಪನಿಗಳ ಕೂಗು, ಬೆಂಡು ಬತ್ತಾಸಿನ ಅಂಗಡಿಯ ದೀಪ, ಮೈಗೆ ಮೈ ತಾಗುವ ಜನ, ಇವೆಲ್ಲ ಉಳಿದವರಿಗೆ ಜಾತ್ರೆಯ ಸೊಗಸು. ಶಬ್ದ ಬೆಳಕುಗಳನ್ನು ಸೋಸಿಕೊಳ್ಳಲಾಗದ ಮಗುವಿಗೆ ಏಕಕಾಲದ ಏಟು. ಸುತ್ತ ನಿಂತವರು “ಎರಡು ಬಿಗೀರಿ, ಸುಮ್ಮನಾಗ್ತಾನ” ಎನ್ನುತ್ತಾರೆ. ತಾಯಿ ಸೆರಗಿನಿಂದ ಮಗುವಿನ ಮುಖ ಮುಚ್ಚಿ ಬಸ್‌ ಸ್ಟ್ಯಾಂಡಿನ ಕಡೆ ಓಡುತ್ತಾಳೆ. ಮರುವರ್ಷದಿಂದ ಜಾತ್ರೆಗೆ ಹೋಗುವುದು ನಿಲ್ಲುತ್ತದೆ. ಆಮೇಲೆ ಮದುವೆಗಳಿಗೆ ಹೋಗುವುದು, ಕೊನೆಗೆ ತವರಿಗೆ ಹೋಗುವುದೂ ನಿಲ್ಲುತ್ತದೆ. ಕುಟುಂಬ ಊರಿನ ನಡುವೆ ಇದ್ದೇ ಊರಿನಿಂದ ಹೊರಗಾಗುವುದು ಹೀಗೆ.

ಇನ್ನೊಂದು ಸಂಕಟವಿದೆ. ಇಂಥ ಮಕ್ಕಳಲ್ಲಿ ಹಲವರು ಬಾಗಿಲು ತೆರೆದಿದ್ದರೆ ಹೊರಟುಬಿಡುತ್ತಾರೆ. ಎಲ್ಲಿಗೆಂದು ಹೇಳುವುದಿಲ್ಲ, ಕೂಗಿದರೆ ಓಗೊಡುವುದಿಲ್ಲ. ನೀರು ಅವರನ್ನು ಬಹಳವಾಗಿ ಸೆಳೆಯುತ್ತದೆ. ಬಾದಾಮಿಯ ಅಗಸ್ತ್ಯತೀರ್ಥ, ಬಾಗಲಕೋಟೆಯ ಸುತ್ತ ಹರಡಿದ ಹಿನ್ನೀರು, ಇಳಕಲ್ಲಿನ ಗ್ರಾನೈಟ್ ಕ್ವಾರಿಗಳಲ್ಲಿ ಮಳೆಗಾಲಕ್ಕೆ ನಿಲ್ಲುವ ನೀರು, ಇವುಗಳ ನಕ್ಷೆ ಆ ತಾಯಂದಿರ ತಲೆಯಲ್ಲಿ ಸದಾ ಇರುತ್ತದೆ. ಮಗ್ಗದ ಮುಂದೆ ಕೂತ ನೇಕಾರಳು ಸೀರೆಯ ಅಂಚಿನ ಮೇಲೆ ಒಂದು ಕಣ್ಣು, ಬಾಗಿಲ ಚಿಲಕದ ಮೇಲೆ ಒಂದು ಕಣ್ಣು ಇಟ್ಟೇ ನೇಯಬೇಕಾಗುತ್ತದೆ.

ಈ ಮಕ್ಕಳನ್ನು ವೈದ್ಯಶಾಸ್ತ್ರ ಗುರುತಿಸಿದ ಕಥೆ ಒಬ್ಬ ತಂದೆಯ ಪತ್ರದಿಂದ ಆರಂಭವಾಗುತ್ತದೆ ಎಂಬುದು ಹೆಚ್ಚು ಜನರಿಗೆ ತಿಳಿದಿಲ್ಲ. ಅಮೆರಿಕದ ಮಿಸಿಸಿಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನಲ್ಲಿ ಡೊನಾಲ್ಡ್ ಟ್ರಿಪ್ಲೆಟ್ ಎಂಬ ಹುಡುಗನಿದ್ದ. ವೈದ್ಯರ ಸಲಹೆಯಂತೆ ಹೆತ್ತವರು ಅವನನ್ನು 1937ರಲ್ಲಿ, ಇನ್ನೂ ನಾಲ್ಕು ತುಂಬುವ ಮೊದಲೇ, ಒಂದು ಸಂಸ್ಥೆಗೆ ಸೇರಿಸಿದ್ದರು. ಮರುವರ್ಷ ಅವನನ್ನು ಮನೆಗೆ ಕರೆತಂದರು. ವಕೀಲರಾಗಿದ್ದ ತಂದೆ ಮಗನ ಊಟ, ನಿದ್ದೆ, ಮಾತು, ಅವನು ಹಾಡುತ್ತಿದ್ದ ಹಾಡು, ತಿರುಗಿಸುತ್ತಿದ್ದ ವಸ್ತು ಎಲ್ಲವನ್ನೂ 33 ಪುಟಗಳಲ್ಲಿ ಬರೆಸಿ ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಅವರಿಗೆ ಕಳಿಸಿದರು. 1943ರಲ್ಲಿ ಕ್ಯಾನರ್ 11 ಮಕ್ಕಳನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ ಮೊದಲನೆಯವನು ಈ ಡೊನಾಲ್ಡ್. ಅವನ ಕುರಿತ ಪುಟಗಳಲ್ಲಿ ಒಂದು ಭಾಗ ತಂದೆಯ ಪತ್ರದಿಂದಲೇ ಎತ್ತಿಕೊಂಡದ್ದು.

ಡೊನಾಲ್ಡನ ಮುಂದಿನ ಬದುಕು ಒಕ್ಕಲುತನದ ಈ ಸೀಮೆಯವರಿಗೆ ಬಲು ಪರಿಚಿತವೆನಿಸುತ್ತದೆ. 1942ರಲ್ಲಿ ಹೆತ್ತವರು ಅವನನ್ನು ಊರಿನಿಂದ ಹತ್ತು ಮೈಲಿ ದೂರದ ಒಂದು ಒಕ್ಕಲು ಮನೆಯಲ್ಲಿ ಬಿಟ್ಟರು. ಆ ಗಂಡ ಹೆಂಡತಿ ಹೆಚ್ಚು ಓದಿದವರಲ್ಲ, ಜಾಣರು. ಹುಡುಗನಿಗೆ ಅಳತೆಯ ಹುಚ್ಚು. ಬಾವಿ ತೋಡಿಸಿ ಅದರ ಆಳ ಅಳೆದು ಹೇಳೆಂದರು. ಮೆಕ್ಕೆಜೋಳದ ಸಾಲುಗಳನ್ನು ಮತ್ತೆ ಮತ್ತೆ ಎಣಿಸುತ್ತಿದ್ದ. ನೇಗಿಲು ಹೊಡೆಯುತ್ತಲೇ ಎಣಿಸು ಎಂದು ಕಲಿಸಿದರು. ಎಣಿಕೆ ನಿಲ್ಲಲಿಲ್ಲ, ಹೊಲವೂ ಉತ್ತಿತು. ಮುಂದೆ ಅವನು ಕಾಲೇಜು ಮುಗಿಸಿ ಬ್ಯಾಂಕಿನಲ್ಲಿ ಕೆಲಸ ಮಾಡಿ, ಊರವರ ನಡುವೆ ಬದುಕಿ, 2023ರಲ್ಲಿ ತೀರಿಕೊಂಡ. ಹಾಗೆಂದು ಎಲ್ಲ ಮಕ್ಕಳೂ ಡೊನಾಲ್ಡನಂತಾಗುತ್ತಾರೆ ಎಂದು ಯಾರೂ ಭಾವಿಸಬಾರದು. ಅವನ ಮನೆಯಲ್ಲಿ ಹಣವಿತ್ತು, ಅವನಿಗೆ ಮಾತಿತ್ತು. ಜೀವನವಿಡೀ ಇನ್ನೊಬ್ಬರ ನೆರವು ಬೇಕಾಗುವವರೂ ಅನೇಕರಿದ್ದಾರೆ.

ತಂದೆಯ ಪತ್ರದಿಂದ ಹುಟ್ಟಿದ ಶಾಸ್ತ್ರ ಸ್ವಲ್ಪ ಕಾಲದಲ್ಲೇ ಹೆತ್ತವರ ಮೇಲೆ ತಿರುಗಿಬಿದ್ದದ್ದು ಈ ಇತಿಹಾಸದ ಕಹಿ ಭಾಗ. ತಾಯಿಯ ಪ್ರೀತಿ ತಣ್ಣಗಿದ್ದುದರಿಂದ ಮಗು ಹೀಗಾಯಿತು ಎಂಬ ವಾದ ಹಬ್ಬಿತು. ಮಕ್ಕಳು ಶೀತಲಪೆಟ್ಟಿಗೆಯಲ್ಲಿ ಇಟ್ಟಂತೆ ಬೆಳೆದರೆಂಬ ಹೋಲಿಕೆಯನ್ನು ಕ್ಯಾನರ್ ಅವರೇ 1949ರಲ್ಲಿ ಬಳಸಿದರು. ಷಿಕಾಗೊದ ಬ್ರೂನೊ ಬೆಟೆಲ್‌ಹೈಮ್ 1967ರ ತಮ್ಮ ಪುಸ್ತಕದಲ್ಲಿ ಆ ವಾದವನ್ನು ಇನ್ನಷ್ಟು ದೂರ ಒಯ್ದರು. ಅದನ್ನು ಓದಿದ ತಾಯಂದಿರು ಎಷ್ಟು ರಾತ್ರಿ ನಿದ್ದೆಗೆಟ್ಟಿರಬಹುದು! ಷಿಕಾಗೊವನ್ನು ಬಯ್ಯುವ ಮೊದಲು ಹುನಗುಂದದ ಕಟ್ಟೆಯ ಮೇಲಿನ ಮಾತನ್ನೂ ಕೇಳಿಸಿಕೊಳ್ಳಬೇಕು. ಬಸುರಿಯಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದಳು, ಮಗುವಿನ ಕೈಗೆ ಮೊಬೈಲ್ ಕೊಟ್ಟು ಕೂಡಿಸಿದಳು, ಯಾವ ಜನ್ಮದ ಪಾಪವೋ. ಕಾರಣಗಳು ಬೇರೆ, ಆರೋಪಿ ಮಾತ್ರ ಒಬ್ಬಳೇ. ತಂದೆಯನ್ನು ಇಲ್ಲಿಯೂ ಯಾರೂ ಕೇಳುವುದಿಲ್ಲ, ಅಲ್ಲಿಯೂ ಹೆಚ್ಚು ಕೇಳಲಿಲ್ಲ.

ಆ ವಾದವನ್ನು ಮುರಿದವರೂ ಹೆತ್ತವರೇ. ಅಮೆರಿಕದ ನೌಕಾಪಡೆಯಲ್ಲಿ ಮನಶ್ಶಾಸ್ತ್ರಜ್ಞರಾಗಿದ್ದ ಬರ್ನಾರ್ಡ್ ರಿಮ್ಲಂಡ್ ಅವರ ಮಗನಿಗೆ ಆಟಿಸಂ ಇತ್ತು. ಸಿಕ್ಕ ಬರಹಗಳನ್ನೆಲ್ಲ ಓದಿ, ತಾಯಿಯನ್ನು ದೂರುವ ವಾದಕ್ಕೆ ಆಧಾರವೇ ಇಲ್ಲವೆಂದೂ, ಇದು ಮಿದುಳಿಗೆ ಸಂಬಂಧಿಸಿದ್ದೆಂದೂ 1964ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ಮರುವರ್ಷ ಅಲ್ಲಿನ ಹೆತ್ತವರು ಸೇರಿ ರಾಷ್ಟ್ರಮಟ್ಟದ ಸಂಘ ಕಟ್ಟಿದರು. ಅದರ ಮೊದಲ ಚುನಾಯಿತ ಅಧ್ಯಕ್ಷೆ ರೂತ್ ಸಲ್ಲಿವನ್ ಕೂಡ ಒಬ್ಬ ತಾಯಿ. ಎಲ್ಲ ವಿಕಲಚೇತನ ಮಕ್ಕಳಿಗೂ ಶಾಲೆಯ ಬಾಗಿಲು ತೆರೆಸಿದ 1975ರ ಅಮೆರಿಕದ ಕಾಯ್ದೆಯ ಹಿಂದೆ ಅಂಥ ಹೆತ್ತವರ ಒತ್ತಾಯವಿತ್ತು. ಇಂಗ್ಲೆಂಡಿನಲ್ಲಿ ಇನ್ನೂ ಮೊದಲೇ, 1962ರಲ್ಲಿ, ಹೆತ್ತವರ ಸಂಘ ಹುಟ್ಟಿತ್ತು. ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಲೋರ್ನಾ ವಿಂಗ್ ಮನೋವೈದ್ಯೆಯೂ ಹೌದು, ಆಟಿಸಂ ಇದ್ದ ಮಗಳ ತಾಯಿಯೂ ಹೌದು. ಆಟಿಸಂ ಒಂದೇ ಅಚ್ಚಿನದಲ್ಲ, ಹಲವು ಬಣ್ಣಗಳ ಹರವು ಎಂಬ ಇಂದಿನ ತಿಳಿವಳಿಕೆಗೆ ಅವರ ಅಧ್ಯಯನಗಳೇ ತಳಹದಿ.

ಹೆತ್ತವರು ಎತ್ತಿದ ದನಿಯೆಲ್ಲ ಸರಿಯಾದ ದಾರಿಯಲ್ಲೇ ಹೋಯಿತೆಂದೂ ಅಲ್ಲ. 1998ರಲ್ಲಿ ಇಂಗ್ಲೆಂಡಿನ ವೈದ್ಯ ಆಂಡ್ರ್ಯೂ ವೇಕ್‌ಫೀಲ್ಡ್ 12 ಮಕ್ಕಳ ಕುರಿತು ಬರೆದ ಪ್ರಬಂಧವನ್ನು ನಂಬಿ, ದಡಾರ ಮೊದಲಾದ ರೋಗಗಳ ಲಸಿಕೆಯಿಂದಲೇ ಆಟಿಸಂ ಬರುತ್ತದೆಂದು ಎಷ್ಟೋ ಹೆತ್ತವರು ಚಳವಳಿ ಹೂಡಿದರು. 2010ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಆ ಪ್ರಬಂಧವನ್ನೇ ಹಿಂತೆಗೆದುಕೊಂಡಿತು. ಲಸಿಕೆಗೂ ಆಟಿಸಂಗೂ ಸಂಬಂಧವಿಲ್ಲವೆಂದು ಲಕ್ಷಾಂತರ ಮಕ್ಕಳ ಮೇಲಿನ ಅಧ್ಯಯನಗಳು ತೋರಿಸಿವೆ. ಅಷ್ಟರೊಳಗೆ ಎಷ್ಟೋ ಮಕ್ಕಳು ಲಸಿಕೆಯಿಲ್ಲದೆ ಉಳಿದದ್ದಾಗಿತ್ತು. ಇಂದಿನ ಆಮಿಷ ಬೇರೆ: ಕಾಂಡಕೋಶ, ಅಂದರೆ ಸ್ಟೆಮ್ ಸೆಲ್, ಚಿಕಿತ್ಸೆಯಿಂದ ಆಟಿಸಂ ವಾಸಿಯಾಗುತ್ತದೆ ಎಂಬ ಜಾಹೀರಾತು. ಆ ಚಿಕಿತ್ಸೆ ಆಟಿಸಂಗೆ ಶಿಫಾರಸು ಮಾಡತಕ್ಕದ್ದಲ್ಲ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಮಂಡಳಿ 2022ರ ಡಿಸೆಂಬರಿನಲ್ಲೇ ಹೇಳಿದೆ. ಹೊಲ ಒತ್ತೆಯಿಡುವ ಮೊದಲು ಇದನ್ನು ನೆನೆಯಬೇಕು.

ಭಾರತದ ಕಥೆಗೆ ಬರೋಣ. 1991ರಲ್ಲಿ ದೆಹಲಿಯಲ್ಲಿ ಮೇರಿ ಬರುವಾ ಎಂಬ ತಾಯಿ ‘ಆ್ಯಕ್ಷನ್ ಫಾರ್ ಆಟಿಸಂ’ ಸಂಸ್ಥೆಯನ್ನು ಕಟ್ಟಿದರು. ಅವರ ಮಗನಿಗೆ ಬೇಕಾದ ಶಾಲೆ ದೇಶದಲ್ಲಿರಲಿಲ್ಲ. 1994ರಲ್ಲಿ ತಾವೇ ಶಾಲೆ ತೆರೆದರು. ಮರುವರ್ಷ ಸಂಸತ್ತು ಅಂಗವಿಕಲರ ಕಾಯ್ದೆಯನ್ನು ಅಂಗೀಕರಿಸಿತು. ದೇಶವೇ ಸ್ವಾಗತಿಸಿದ ಆ 1995ರ ಕಾಯ್ದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದವು, ಆಟಿಸಂ ಇರಲಿಲ್ಲ. ಪರಿಣಾಮವನ್ನು ಊಹಿಸುವುದು ಕಷ್ಟವಲ್ಲ. ಹೆಸರಿಲ್ಲದ್ದಕ್ಕೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದವನಿಗೆ ಪಿಂಚಣಿಯಿಲ್ಲ, ಬಸ್ ಪಾಸಿಲ್ಲ. ಕೆಲವರು ಮಗನಿಗೆ ‘ಬುದ್ಧಿಮಾಂದ್ಯ’ ಎಂದು ಬರೆಸಿಕೊಂಡು ಪ್ರಮಾಣಪತ್ರ ಪಡೆದರು. ಹಾಗೆ ಬರೆಸಿದ್ದನ್ನು ಸುಳ್ಳು ಎನ್ನುವುದಕ್ಕಿಂತ ಗತಿಯಿಲ್ಲದವರ ಹಾದಿ ಎನ್ನುವುದು ನ್ಯಾಯ.

ನಾಲ್ಕೇ ವರ್ಷಗಳಲ್ಲಿ, 1999ರ ಡಿಸೆಂಬರ್ 30ರಂದು, ರಾಷ್ಟ್ರೀಯ ನ್ಯಾಸ ಕಾಯ್ದೆ ಬಂತು. ಜನ ಇದನ್ನು ನ್ಯಾಷನಲ್ ಟ್ರಸ್ಟ್ ಕಾಯ್ದೆಯೆಂದೇ ಕರೆಯುತ್ತಾರೆ. ಭಾರತದ ಅಂಗವೈಕಲ್ಯ ಶಾಸನದಲ್ಲಿ ಆಟಿಸಂ ಎಂಬ ಪದ ಕಾಣಿಸಿಕೊಂಡದ್ದು ಅಲ್ಲಿ. ದೇಶದ ಉದ್ದಗಲಕ್ಕೂ ಹೆತ್ತವರು ಮಂತ್ರಿಗಳ ಬಾಗಿಲು ಬಡಿದದ್ದರ ಫಲ ಅದು. ಈ ಯತ್ನದಲ್ಲಿ ಕರ್ನಾಟಕದ ಪಾಲೂ ಸಣ್ಣದಲ್ಲ. ಬುದ್ಧಿಮಾಂದ್ಯ, ಆಟಿಸಂ, ಮಿದುಳಿನ ಪಾರ್ಶ್ವವಾಯು ಮತ್ತು ಬಹುವಿಧ ವೈಕಲ್ಯವಿರುವ ಮಕ್ಕಳ ಹೆತ್ತವರ ಸಂಘಗಳು ಸೇರಿ 1990ರ ದಶಕದ ನಡುವಿನಲ್ಲಿ ಕಟ್ಟಿಕೊಂಡ ‘ಪರಿವಾರ್’ ಎಂಬ ರಾಷ್ಟ್ರೀಯ ಒಕ್ಕೂಟದ ನಾಯಕತ್ವ ವಹಿಸಿದವರಲ್ಲಿ ಬೆಂಗಳೂರಿನ ಜೆ. ಪಿ. ಗಾಡ್ಕರಿ ಒಬ್ಬರು. 1995ರಲ್ಲಿಯೇ ಬೆಂಗಳೂರಿನಲ್ಲಿ ಜಯಶ್ರೀ ರಮೇಶ್ ಅವರು ಆಟಿಸಂ ಮಕ್ಕಳಿಗಾಗಿ ‘ಆಶಾ’ ಎಂಬ ಸಂಸ್ಥೆಯನ್ನು ಆರಂಭಿಸಿದ್ದರು.

ಮೈಸೂರು, ಬೆಂಗಳೂರುಗಳಲ್ಲಿ ಬೆಳೆದ ತೀತೊ ರಾಜರ್ಷಿ ಮುಖೋಪಾಧ್ಯಾಯ ಎಂಬ ಹುಡುಗನ ಹೆಸರನ್ನು ಕೆಲವರು ಕೇಳಿರಬಹುದು. ಮಾತು ಹೆಚ್ಚಾಗಿ ಬಾರದ ಮಗನಿಗೆ ತಾಯಿ ಸೋಮಾ ತಮ್ಮದೇ ಪದ್ಧತಿಯಲ್ಲಿ ಅಕ್ಷರ ಕಲಿಸಿದರು. ಅವನ ಪುಸ್ತಕ 2000ದಲ್ಲಿ ಇಂಗ್ಲೆಂಡಿನಲ್ಲಿ ಅಚ್ಚಾಯಿತು. ಮರುವರ್ಷ ತಾಯಿ ಮಗ ಅಮೆರಿಕಕ್ಕೆ ಹೋದರು. ಆ ತಾಯಿ ರೂಪಿಸಿದ ಪದ್ಧತಿಗೆ ಸಾಕಷ್ಟು ವೈಜ್ಞಾನಿಕ ಆಧಾರವಿಲ್ಲವೆಂದು ಅಮೆರಿಕದ ವಾಕ್ ಶ್ರವಣ ತಜ್ಞರ ಸಂಘ 2018ರಲ್ಲಿ ಹೇಳಿತು. ಒಂದು ಮನೆಯಲ್ಲಿ ಫಲಿಸಿತೆಂದದ್ದು ಎಲ್ಲ ಮನೆಗೂ ಮದ್ದಾಗುವುದಿಲ್ಲ. ಹಾಗಿದ್ದರೂ ಮಾತಿಲ್ಲದವನೊಳಗೆ ಏನೂ ಇಲ್ಲವೆಂದು ಕೈಬಿಡಲು ಒಪ್ಪದ ಆ ತಾಯಿಯ ಹಠವನ್ನು ತಪ್ಪೆನ್ನಲಾಗದು.

ಕೊನೆಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ವೈಕಲ್ಯಗಳ ಪಟ್ಟಿಯನ್ನು ಏಳರಿಂದ 21ಕ್ಕೆ ಹಿಗ್ಗಿಸಿತು. ಅದರಲ್ಲಿ ಆಟಿಸಂ ಸೇರಿದೆ. 1943ರಿಂದ ಲೆಕ್ಕ ಹಾಕಿದರೆ ಈ ಒಂದು ಪದ ಈ ದೇಶದ ಹಕ್ಕಿನ ಪಟ್ಟಿ ಸೇರಲು 73 ವರ್ಷ ಹಿಡಿಯಿತು.

ದೆಹಲಿಯ ಪಟ್ಟಿಗೆ ಸೇರಿದ್ದು ಇಳಕಲ್ಲಿನ ಮನೆಗೆ ತಲುಪುವುದು ಹೇಗೆ? ಇಲ್ಲಿಂದ ಮುಂದಿನದು ಕೊಂಚ ಕಚೇರಿಯ ಮಾತು, ಬೇಸರಪಡಬಾರದು.

ಮೊದಲ ಬಾಗಿಲು ಅಂಗನವಾಡಿ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಆರೋಗ್ಯ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಸರ್ಕಾರಿ ಶಾಲೆಗೆ ಬಂದು ಮಕ್ಕಳನ್ನು ತಪಾಸಣೆ ಮಾಡಬೇಕು. ಹಲ್ಲು, ಕಣ್ಣು, ತೂಕ ಮಾತ್ರವಲ್ಲ, ಬೆಳವಣಿಗೆಯ ತೊಡಕುಗಳೂ ಆಟಿಸಂ ಸಹಿತ ಆ ಪಟ್ಟಿಯಲ್ಲಿವೆ. ತಂಡ ಬರುವ ದಿನ ಇಂಥ ಮಗು ಅಂಗನವಾಡಿಯಲ್ಲಿ ಇರುವುದೇ ಇಲ್ಲ, ಗದ್ದಲ ಮಾಡುತ್ತದೆಂದು ಮನೆಯಲ್ಲೇ ಬಿಟ್ಟಿರುತ್ತಾರೆ. ತಪಾಸಣೆ ಬೇಕಾದ ಮಗುವೇ ತಪಾಸಣೆಗೆ ಸಿಗದಿರುವುದು ಹೀಗೆ. ಕಾರ್ಯಕರ್ತೆಯರು ಮನಸ್ಸು ಮಾಡಿದರೆ ತಂಡ ಬರುವ ದಿನವನ್ನು ಆ ತಾಯಿಗೆ ಮೊದಲೇ ತಿಳಿಸಬಹುದು.

ಎರಡನೆಯದು ಕರ್ನಾಟಕದಲ್ಲಿರುವ ಒಂದು ವಿಶೇಷ ವ್ಯವಸ್ಥೆ. ಗ್ರಾಮ ಪಂಚಾಯಿತಿಗೊಬ್ಬರು ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿಗೊಬ್ಬರು ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರಬೇಕೆಂಬುದು ಅದರ ನಿಯಮ. ವಿ.ಆರ್.ಡಬ್ಲ್ಯು., ಎಂ.ಆರ್.ಡಬ್ಲ್ಯು. ಎಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ಗೌರವಧನದ ಮೇಲೆ ದುಡಿಯುವ ಇವರಲ್ಲಿ ಹಲವರು ಸ್ವತಃ ವಿಕಲಚೇತನರು. ಕಾಣುವ ವೈಕಲ್ಯವನ್ನು ಗುರುತಿಸುವುದು ಅವರಿಗೆ ಸುಲಭ. ಕಾಣದ ಆಟಿಸಂ ಬಗ್ಗೆ ಅವರಿಗೆ ತಿಳಿಸಿಕೊಡಬೇಕಾದವರು ಹೆತ್ತವರೇ.

ಮೂರನೆಯದು ಪ್ರಮಾಣಪತ್ರ. ಸಿಕಂದರಾಬಾದಿನ ರಾಷ್ಟ್ರೀಯ ಬುದ್ಧಿಮಾಂದ್ಯರ ಸಂಸ್ಥೆ 2009ರಲ್ಲಿ ಆಟಿಸಂ ಅಳೆಯಲು ಭಾರತಕ್ಕೆಂದೇ ಒಂದು ಮಾಪಕವನ್ನು ಸಿದ್ಧಪಡಿಸಿತು. ಅದರಲ್ಲಿ 40 ಅಂಶಗಳಿವೆ. ಜನರೊಂದಿಗೆ ಬೆರೆಯುವುದು, ಭಾವನೆ, ಮಾತು, ನಡವಳಿಕೆ, ಇಂದ್ರಿಯಗಳ ಅನುಭವ, ಗ್ರಹಿಕೆ ಎಂದು ಆರು ಗುಂಪು. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲ, 70ರಿಂದ 106 ಸೌಮ್ಯ, 107ರಿಂದ 153 ಮಧ್ಯಮ, ಅದಕ್ಕೂ ಮೇಲೆ ತೀವ್ರ. ಪರೀಕ್ಷಕರು ಮಗುವನ್ನು ಎದುರಿಗಿಟ್ಟುಕೊಂಡು ನೋಡುತ್ತಾರೆ, ಜೊತೆಗೆ ಹೆತ್ತವರನ್ನು ಕೇಳುತ್ತಾರೆ. ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ವೈದ್ಯರ ಮುಂದೆ ಮಗನ ಮಾನ ಕಾಯಲೆಂದು ಎಷ್ಟೋ ತಾಯಂದಿರು “ಎಲ್ಲಾ ತಿಳೀತೈತ್ರಿ ಅವಗ, ಬರೇ ಮಾತ ಬರಂಗಿಲ್ಲ” ಎನ್ನುತ್ತಾರೆ. ಪ್ರೀತಿಯಿಂದ ಬಂದ ಆ ಮಾತು ಅಂಕವನ್ನು ಇಳಿಸಿ ಮಗುವಿನ ಹಕ್ಕನ್ನು ಕಿತ್ತುಕೊಳ್ಳಬಹುದು. ಡೊನಾಲ್ಡನ ತಂದೆ ಮಾಡಿದಂತೆ ಇರುವುದನ್ನು ಇದ್ದಂತೆ ಬರೆದುಕೊಂಡು ಹೋಗುವುದು ಲೇಸು: ಎಷ್ಟು ಹೊತ್ತಿಗೆ ಏಳುತ್ತಾನೆ, ಏನು ತಿನ್ನುವುದಿಲ್ಲ, ಯಾವ ಸದ್ದಿಗೆ ಹೆದರುತ್ತಾನೆ, ಯಾವಾಗ ತನ್ನ ಕೈಯನ್ನೇ ಕಚ್ಚಿಕೊಳ್ಳುತ್ತಾನೆ. ಮೂವತ್ಮೂರು ಪುಟ ಬೇಕಿಲ್ಲ, ನೋಟ್‌ಬುಕ್ಕಿನ ಎರಡು ಹಾಳೆ ಸಾಕು. ಮನೋವೈದ್ಯರ ತಪಾಸಣೆಗೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್, ಮಾತಿನ ತೊಡಕಿಗೆ ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಆದರೆ ಹುನಗುಂದದ ಕೂಲಿಕಾರನಿಗೆ ಧಾರವಾಡವೆಂದರೂ ಎರಡು ದಿನದ ಪಗಾರ ಹೋಯಿತೆಂದೇ ಅರ್ಥ. ಜಿಲ್ಲಾ ಕೇಂದ್ರದಲ್ಲೇ ತಪಾಸಣೆಯಾಗಬೇಕೆಂದು ಕೇಳುವುದು ಅದಕ್ಕಾಗಿ.

ಪ್ರಮಾಣಪತ್ರ ಬಂದ ಮೇಲೆ ನ್ಯಾಷನಲ್ ಟ್ರಸ್ಟಿನ ‘ನಿರಾಮಯ’ ವಿಮೆಗೆ ಹೆಸರು ಬರೆಸಬಹುದು. ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ, ವಯಸ್ಸಿನ ಮಿತಿಯಿಲ್ಲದೆ, ಮುಂಚಿತ ವೈದ್ಯಕೀಯ ಪರೀಕ್ಷೆಯಿಲ್ಲದೆ, ಥೆರಪಿಯ ಖರ್ಚೂ ಸೇರಿದಂತೆ ನೆರವು ಕೊಡುವ ಯೋಜನೆಯದು. ಶಾಲೆಯ ಮಾತಿಗೆ ಬಂದರೆ, 2016ರ ಕಾಯ್ದೆಯಂತೆ ಶೇಕಡ 40 ಅಥವಾ ಹೆಚ್ಚು ವೈಕಲ್ಯವಿರುವ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಶಾಲೆಗೆ ಬರಲಾಗದ ಮಕ್ಕಳ ಮನೆಗೇ ಹೋಗಿ ಕಲಿಸುವ ಬಿ.ಐ.ಇ.ಆರ್.ಟಿ. ಶಿಕ್ಷಕರು ರಾಜ್ಯದಲ್ಲಿದ್ದಾರೆ. ವಿಶೇಷ ಅಗತ್ಯವುಳ್ಳ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಹತ್ತು ಮಂದಿಗೊಬ್ಬರು, ಮೇಲಿನ ಹಂತದಲ್ಲಿ ಹದಿನೈದು ಮಂದಿಗೊಬ್ಬರು ವಿಶೇಷ ಶಿಕ್ಷಕರಿರಬೇಕೆಂಬ ಪ್ರಮಾಣ ನಿಗದಿಯಾಗಿದೆ. ನಮ್ಮ ಶಾಲೆಗಳು ಆ ಪ್ರಮಾಣಕ್ಕೆ ಎಷ್ಟು ದೂರದಲ್ಲಿವೆ ಎಂಬುದು ಈ ಸಭೆಯಲ್ಲಿರುವ ಶಿಕ್ಷಕರಿಗೇ ಚೆನ್ನಾಗಿ ಗೊತ್ತು.

ಇಷ್ಟಾದರೂ ಹೆತ್ತವರ ನಿದ್ದೆಗೆಡಿಸುವ ಪ್ರಶ್ನೆ ಇದಾವುದೂ ಅಲ್ಲ. ತಾವು ತೀರಿಕೊಂಡ ಮೇಲೆ ಯಾರು? ಕೂಡು ಕುಟುಂಬವಿದ್ದಾಗ ಅಣ್ಣತಮ್ಮಂದಿರ ಮನೆಯಲ್ಲಿ ಒಂದು ತುತ್ತು ಇರುತ್ತಿತ್ತು. ಈಗ ಅಣ್ಣ ಪುಣೆಯಲ್ಲಿ, ತಂಗಿ ಬೇರೆಯವರ ಮನೆಯ ಸೊಸೆ. ಕಾನೂನಿನ ದೃಷ್ಟಿಯಲ್ಲಿ ತಂದೆತಾಯಿಗಳು ಮಗುವಿನ ಸಹಜ ಪೋಷಕರಾಗಿರುವುದು ಅದಕ್ಕೆ 18 ತುಂಬುವ ತನಕ ಮಾತ್ರ. ಆಮೇಲೆ ಬ್ಯಾಂಕಿನವರು ಸಹಿ ಯಾರದ್ದೆಂದು ಕೇಳುತ್ತಾರೆ, ಹೊಲದ ಪಾಲಾಗುವಾಗ ತಲಾಠಿ ಕೇಳುತ್ತಾನೆ. ಮಾತಾಡದ, ಸಹಿ ಮಾಡದ ಮಗನ ಪಾಲಿನ ಎರಡೆಕರೆ ಯಾರ ಹೆಸರಿಗೆ ಹೋಗುತ್ತದೆಂದು ಹಳ್ಳಿಯಲ್ಲಿ ಬಾಳಿದವರಿಗೆ ಬಿಡಿಸಿ ಹೇಳಬೇಕಿಲ್ಲ.

ಇದಕ್ಕೆಂದೇ 1999ರ ಕಾಯ್ದೆಯಲ್ಲಿ ಸ್ಥಳೀಯ ಮಟ್ಟದ ಸಮಿತಿ ಇದೆ. ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದ ಅಧಿಕಾರಿ, ನೋಂದಾಯಿತ ಸಂಸ್ಥೆಯ ಒಬ್ಬ ಪ್ರತಿನಿಧಿ, ಒಬ್ಬ ವಿಕಲಚೇತನ ವ್ಯಕ್ತಿ ಅದರಲ್ಲಿರಬೇಕು. 18 ದಾಟಿದ ಮಗ ಅಥವಾ ಮಗಳಿಗೆ ಪೋಷಕರನ್ನು ನೇಮಿಸುವಂತೆ ತಂದೆತಾಯಿ ಅಥವಾ ಬಂಧುಗಳು ಅಲ್ಲಿಗೆ ಅರ್ಜಿ ಹಾಕಬಹುದು. ನೇಮಕವಾದ ಪೋಷಕರು ಆರು ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು, ಪ್ರತಿ ಹಣಕಾಸು ವರ್ಷ ಮುಗಿದು ಮೂರು ತಿಂಗಳೊಳಗೆ ಲೆಕ್ಕವನ್ನು ಒಪ್ಪಿಸಬೇಕು. ಆಸ್ತಿ ದುರುಪಯೋಗಪಡಿಸಿಕೊಂಡರೆ ಅಥವಾ ಸರಿಯಾಗಿ ನೋಡಿಕೊಳ್ಳದಿದ್ದರೆ ಅವರನ್ನು ತೆಗೆದುಹಾಕಲೂ ಅವಕಾಶವಿದೆ. ದಾವೆ ಹೂಡಿ ಕೋರ್ಟಿಗೆ ವರ್ಷಗಟ್ಟಲೆ ಅಲೆಯದೆ ಜಿಲ್ಲಾ ಕೇಂದ್ರದಲ್ಲೇ ಆಗುವ ಕೆಲಸವಿದು.

ಸಮಿತಿಯ ಮೂರು ಕುರ್ಚಿಗಳಲ್ಲಿ ಒಂದು ನೋಂದಾಯಿತ ಸಂಸ್ಥೆಯದು ಎಂದೆವಲ್ಲ, ಯಾವುದದು? ಕಾಯ್ದೆಯ 12ನೆಯ ಕಲಮು ಅಂಥ ನೋಂದಣಿಗೆ ಅರ್ಹರಾದವರನ್ನು ಹೆಸರಿಸುವಾಗ ಸ್ವಯಂಸೇವಾ ಸಂಸ್ಥೆಗಳು ಮತ್ತು ವಿಕಲಚೇತನರ ಸಂಘಗಳ ಜೊತೆಗೆ ಹೆತ್ತವರ ಸಂಘಗಳನ್ನೂ ಸ್ಪಷ್ಟವಾಗಿ ಹೇಳಿದೆ. ದೆಹಲಿಯ ಮಂಡಳಿಯಲ್ಲೂ ಅವರಿಗೆ ಮೂರು ಸ್ಥಾನ ಮೀಸಲು. ಹೆತ್ತವರು ಅರ್ಜಿದಾರರಾಗಿ ಬಾಗಿಲಲ್ಲಿ ನಿಲ್ಲುವುದಷ್ಟೇ ಅಲ್ಲ, ಒಳಗೆ ಕುಳಿತು ತೀರ್ಮಾನಿಸಬಹುದೆಂದು ಒಪ್ಪಿಕೊಂಡ ಕಾನೂನು ಇದು.

ಇನ್ನು ಸಂಘದ ವಿಚಾರ. ಬಾದಾಮಿಯ ತಾಯಿಗೆ ಇಳಕಲ್ಲಿನ ತಾಯಿಯ ಪರಿಚಯವಿಲ್ಲ. ಒಂದೇ ಆಸ್ಪತ್ರೆಯ ಬೆಂಚಿನ ಮೇಲೆ ಬೇರೆ ಬೇರೆ ದಿನ ಕೂತು ಹೋಗುತ್ತಾರೆ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಂತೆ ಒಂದು ಸಂಘಕ್ಕೆ ಕನಿಷ್ಠ ಏಳು ಜನ ವಯಸ್ಕರು ಬೇಕು. ಅರ್ಜಿ ಕೊಡಬೇಕಾದದ್ದು ಸಹಕಾರ ಇಲಾಖೆಯ ಅಧೀನದಲ್ಲಿರುವ ಜಿಲ್ಲೆಯ ನೋಂದಣಾಧಿಕಾರಿಗೆ. ಅದಾದ ಬಳಿಕ ನ್ಯಾಷನಲ್ ಟ್ರಸ್ಟಿಗೆ ಇನ್ನೊಂದು ಅರ್ಜಿ. ಬಾಗಲಕೋಟೆಯಿಂದ ಇಬ್ಬರು, ಬಾದಾಮಿಯಿಂದ ಇಬ್ಬರು, ಹುನಗುಂದದಿಂದ ಒಬ್ಬರು, ಇಳಕಲ್ಲಿನಿಂದ ಇಬ್ಬರು ಬಂದರೂ ಲೆಕ್ಕ ಏಳಾಗುತ್ತದೆ. ಸಭೆ ಮುಗಿದ ಮೇಲೆ ಬಾಗಿಲ ಹತ್ತಿರದ ಮೇಜಿನ ಮೇಲೆ ಒಂದು ನೋಟ್‌ಬುಕ್ ಇಟ್ಟಿರುತ್ತಾರೆ.